ಹಂಸಾ ಕೇಳಿದ್ದು

"ಮೆಲ್ಲಕ ಸರಸ್ರಿ, ಪೆಟ್ಟಿಗಿ ತಾಗ್ತದ," ಎಂದರು ಶ್ರೀಪತಿ. ಆಂಬುಲೆನ್ಸ್ ಚಾಲಕ ಇರ್ಫಾನನಿಗೆ ತಿಳಿಯಲಿಲ್ಲ. ಮೂವತ್ತೆರಡು ವರ್ಷ ತಿರುವನಂತಪುರದಲ್ಲಿದ್ದವರು ಆ ಬೆಳಿಗ್ಗೆ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಪೆಟ್ಟಿಗೆಯೊಳಗೆ ಅವರ ಹೆಂಡತಿ ಹಂಸಾ ಇದ್ದಳು. ಮಗಳು ಮಹತಿ ಬಾಗಿಲಿಗೆ ಕೈ ಅಡ್ಡ ಇಟ್ಟು ಮಲಯಾಳಂನಲ್ಲಿ ಹೇಳಿದಳು: ಧಾರವಾಡಕ್ಕೆ ಒಂದು ಹಗಲು, ಒಂದು ರಾತ್ರಿಯ ದಾರಿ. ಅಲ್ಲಿ ಅಮ್ಮನ ಗುರುತು ಹಿಡಿಯುವವರು ಯಾರಿದ್ದಾರೆ?

"ಆಕೀನ ಕೇಳ್ಯಾಳ. ಕಳಸ್ತೀನಿ ಅಂತ ನಾ ಮಾತು ಕೊಟ್ಟೀನಿ."

*

ಲಕ್ವ ಹೊಡೆದ ಮೇಲೆ ಹಂಸಾಳ ಬಾಯಿಂದ ಕನ್ನಡ ಹೊರಟೇಹೋಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು ಓದಲಾರದೆ ಅತ್ತವಳು, ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ನರ್ಸುಗಳೊಡನೆ, ಗಂಡನೊಡನೆ ಮಲಯಾಳಂ ಮಾತ್ರ ಆಡುತ್ತಿದ್ದಳು. ಬಾಹ್ಯಾಕಾಶ ಕೇಂದ್ರದಲ್ಲಿ ಇಂಗ್ಲಿಷಿನಲ್ಲೇ ಕೆಲಸ ಮುಗಿಸಿ ಬರುತ್ತಿದ್ದ ಶ್ರೀಪತಿಗೆ ಮನೆಯೆಂದರೆ ಅವಳ ಕನ್ನಡವೇ ಆಗಿತ್ತು.

"ಒಂದ ಮಾತು ಕನ್ನಡದಾಗ ಆಡು, ಹಂಸಾ," ಎಂದು ಐದು ದಿನ ಬೇಡಿಕೊಂಡರು.

ಆರನೆಯ ದಿನ ಮಧ್ಯಾಹ್ನ ಅವಳು ಅವರ ಮುಖ ದಿಟ್ಟಿಸಿ, ವಾರೆಯಾದ ತುಟಿಯಲ್ಲಿ ಎರಡು ಶಬ್ದ ಆಡಿದಳು. ಅವರಿಗೆ ಕೇಳಿಸಿದ್ದು ಒಂದೇ: ಕಳಿಸು. ಊರಿಗೆ ಕಳಿಸು. ಅವರು ಅಳುತ್ತಲೇ ತಲೆಯಾಡಿಸಿದರು. ಸಂಜೆಗೆ ಅವಳು ತೀರಿಕೊಂಡಳು.

*

ಅಮ್ಮ ಆಡಿದ ಶಬ್ದ ಇದ್ದ ಹಾಗೇ ಹೇಳಿ ಎಂದಳು ಮಹತಿ, ಆಂಬುಲೆನ್ಸಿನ ಬಾಗಿಲಿಂದ ಕೈ ತೆಗೆಯದೆ.

"ವಲ್ಲದುಂ... ಕಳಿಚ್ಚೋ."

ಹೇಳುತ್ತಿದ್ದಂತೆ ಅವರ ದನಿ ಕುಗ್ಗಿತು. ಕೇಂದ್ರದ ಕ್ಯಾಂಟೀನಿನಲ್ಲಿ ದಿನಾ ಕೇಳಿದ್ದ ಮಲಯಾಳಂ ಮಾತು ಅದು.

ಚಿಕ್ಕಂದಿನಿಂದ ಅಪ್ಪನ ಕನ್ನಡಕ್ಕೆ ಮಲಯಾಳಂನಲ್ಲೇ ಉತ್ತರ ಕೊಟ್ಟ ಮಹತಿ ಅವರ ತೋಳು ಹಿಡಿದಳು. ತಡೆದು ತಡೆದು, ತಾಯಿಯ ಧಾಟಿಯಲ್ಲೇ ಹೇಳಿದಳು: "ಏನರ ತಿಂದ್ರೇನು ಅಂತ ಕೇಳ್ಯಾಳ, ಅಪ್ಪಾ."

ಶ್ರೀಪತಿ ಮನೆಯ ಮೆಟ್ಟಿಲ ಮೇಲೆ ಕೂತರು.

"ಹೂಂ ಅಂತ ತಲಿ ಆಡಸಿದ್ನಲ್ಲ," ಎಂದರು. "ಅವತ್ತ ಮುಂಜಾನಿಂದ ನಾ ಏನೂ ತಿಂದಿರಲಿಲ್ಲ."

ಎದ್ದು ಇರ್ಫಾನನ ಬಳಿ ಹೋದರು. ಧಾರವಾಡ ಬೇಡ, ಇಲ್ಲಿಯ ಸ್ಮಶಾನಕ್ಕೇ ಹೋಗೋಣ ಎಂದು ಮಲಯಾಳಂನಲ್ಲಿ ಹೇಳಿದರು.

ಓಣಿಯ ತಿರುವಿನಲ್ಲಿ ಮೀನು ಮಾರುವ ಮುದುಕಿ ಎದುರಾದಳು. ಹಂಸಾ ಒಂದು ದಿನವೂ ಮೀನು ಕೊಂಡವಳಲ್ಲ, ದಿನಾ ಬರೀ ಮಾತಾಡಿಸುತ್ತಿದ್ದಳು. ಮುದುಕಿ ತಲೆಯ ಮೇಲಿನ ಬುಟ್ಟಿಯನ್ನು ರಸ್ತೆಬದಿಗೆ ಇಳಿಸಿ, ಕೈ ಒರೆಸಿಕೊಂಡು, ಹೆತ್ತ ಮಗಳನ್ನು ಕರೆದಂತೆ "ಮೋಳೇ" ಎನ್ನುತ್ತ ಆಂಬುಲೆನ್ಸಿನ ಗಾಜಿನ ಮೇಲೆ ಅಂಗೈ ಇಟ್ಟಳು. ಇರ್ಫಾನ್ ವೇಗ ತಗ್ಗಿಸಿದ. ಅವಳು ಅಂಗೈ ತೆಗೆಯದೆ ಪಕ್ಕದಲ್ಲೇ ನಡೆದಳು. ಹಿಂದೆ, ತೆರೆದ ಬುಟ್ಟಿಯ ಮೇಲೆ ಕಾಗೆಗಳು ಇಳಿಯುತ್ತಿದ್ದವು.