ವೀರನ ಸೂಪಿಗೆ ಎಷ್ಟು ಉಪ್ಪು

ಜ್ವರವೊಂದು ಬಂದು ಹೋಯಿತು. ಹೋಗುವಾಗ ನನ್ನ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾವುದಕ್ಕೂ ವಾಸನೆಯಿಲ್ಲ, ಯಾವುದಕ್ಕೂ ರುಚಿಯಿಲ್ಲ. ಡಾಕ್ಟರು, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಇಷ್ಟು ಹೇಳುವುದಕ್ಕೆ ಅಷ್ಟೆಲ್ಲ ಓದಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು. ನಾನು ಅಡುಗೆ ಪುಸ್ತಕ ಬರೆದು ಬದುಕುವವಳು. ನಾಲಿಗೆಯೇ ಇಲ್ಲದ ಮೇಲೆ ಏನು ಬರೆಯಲಿ, ನೀವೇ ಹೇಳಿ.

ಅದೇ ಹೊತ್ತಿಗೆ ಪ್ರಕಾಶನದ ಸಂಪಾದಕಿ ಕರೆಸಿದಳು. ಯಾವುದೋ ವಿಡಿಯೋ ಗೇಮ್ ಇದೆಯಂತೆ, ಜಗತ್ತೇ ಹುಚ್ಚೆದ್ದು ಆಡುತ್ತಿದೆಯಂತೆ. ಅದರ ಕಥೆಯನ್ನು ಕಾದಂಬರಿ ಮಾಡುತ್ತಾರಂತೆ, ಅದರೊಳಗಿನ ಊಟವನ್ನು ಅಡುಗೆ ಪುಸ್ತಕ ಮಾಡುತ್ತಾರಂತೆ. ಎರಡೂ ಜೋಡಿಯಾಗಿ ಅಂಗಡಿಗೆ ಬರಬೇಕು. ಅವಳು ಪರದೆಯ ಮೇಲೆ ತೋರಿಸಿದಳು. ಬೆನ್ನಿಗೆ ಬಾಣಗಳು ನೆಟ್ಟಿರುವ ವೀರನೊಬ್ಬ ಬೆಂಕಿಯ ಪಕ್ಕ ಕೂತು ಬಟ್ಟಲಿನಿಂದ ಕೆಂಪು ಸೂಪು ಕುಡಿಯುತ್ತಾನೆ. ಗುಟುಕ್ ಎಂದು ಸದ್ದಾಗುತ್ತದೆ. ಬಾಣಗಳೆಲ್ಲ ಉದುರಿ ಹೋಗುತ್ತವೆ. ಅವನು ಎದ್ದು ಮತ್ತೆ ಹೊಡೆದಾಟಕ್ಕೆ ನಿಲ್ಲುತ್ತಾನೆ.

"ಇದರ ರುಚಿ ಹೇಗಿರುತ್ತೆ?" ಎಂದು ಕೇಳಿದೆ.

"ಯಾರಿಗ್ಗೊತ್ತು ಮೇಡಂ? ಯಾರೂ ಕುಡಿದಿಲ್ವಲ್ಲ."

ನನ್ನ ನಾಲಿಗೆಯ ಪಾಡನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳಿಗೆ ಬೇಸರವಾಗುವ ಬದಲು ಖುಷಿಯಾಯಿತು. "ಹಾಗಾದ್ರೆ ನೀವೇ ಸರಿ. ಬೇರೆಯವರಾದ್ರೆ ತಮ್ಮನೆ ರುಚಿ ತಂದು ತುರುಕ್ತಾರೆ" ಎಂದಳು. ಹೊಗಳಿದಳೋ ಬೈದಳೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅವಳಿಗೇನು, ಪುಸ್ತಕದ ಮೇಲೆ ಇರುವುದು ನನ್ನ ಹೆಸರು. ನನ್ನ ಪುಸ್ತಕ ನೋಡಿ ಅಡುಗೆ ಮಾಡಿದವರು ಪಾತ್ರೆ ಸಮೇತ ಎಸೆದರೆ ನಾನು ತಲೆ ಎತ್ತಿಕೊಂಡು ಓಡಾಡುವುದು ಹೇಗೆ? ಹಾಗಾಗಿ ಯಜಮಾನರ ನಾಲಿಗೆಯನ್ನು ಕಡ ತೆಗೆದುಕೊಂಡೆ. ಅವರದು ಕನ್ನಡಕದ ಅಂಗಡಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತ, "ಮೊದಲನೇದು ಸ್ಪಷ್ಟನಾ, ಎರಡನೇದಾ?" ಎಂದು ದಿನವಿಡೀ ಕೇಳುವ ಮನುಷ್ಯ. ಅಂಥವರು ಸರಿಯಾಗಿ ಹೇಳದೆ ಇನ್ಯಾರು ಹೇಳುತ್ತಾರೆ ಎಂದುಕೊಂಡೆ.

ಟೊಮೆಟೊ, ಕ್ಯಾರೆಟ್, ಈರುಳ್ಳಿ ಬೇಯಿಸಿ ಸೂಪು ಮಾಡಿದೆ. ಗೇಮಿನಲ್ಲಿ ಬೆಂಕಿಹಣ್ಣು ಎಂಬುದೊಂದಿತ್ತು. ಅದರ ಬದಲಿಗೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಹಾಕಿದೆ. ಯಜಮಾನರು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ" ಎಂದರು. ಆಫೀಸಿಗೆ ಒಯ್ದೆ. ಸಂಪಾದಕಿ ರುಚಿ ನೋಡಲೇ ಇಲ್ಲ, ಬಟ್ಟಲನ್ನು ಪರದೆಯ ಪಕ್ಕ ಹಿಡಿದು ನೋಡಿದಳು. "ಇನ್ನೂ ಗಟ್ಟಿ ಬೇಕು ಮೇಡಂ. ಗೇಮ್‌ನಲ್ಲಿ ಚಮಚ ನೆಟ್ಟಗೆ ನಿಲ್ಲುತ್ತೆ." ಮನೆಗೆ ಬಂದು ಕುದಿಸಿದೆ. ಯಜಮಾನರು ಚೆನ್ನಾಗಿದೆ ಎಂದರು. ಅವಳು ಇನ್ನೂ ಗಟ್ಟಿ ಎಂದಳು. ಚಮಚ ಕಂಬದ ಹಾಗೆ ನಿಲ್ಲುವವರೆಗೆ ಕುದಿಸಿದೆ. ಆಗಲೂ ಅವರು ಚೆನ್ನಾಗಿದೆ ಎಂದರು. ಪಾಕವಿಧಾನ ಬರೆದು ಕೊಟ್ಟೆ.

ಕಾದಂಬರಿ ಬರೆಯುವವನನ್ನು ಆಫೀಸಿನಲ್ಲಿ ಎಲ್ಲರೂ ಪೀಠಿಕೆ ಎಂದೇ ಕರೆಯುತ್ತಾರೆ. ನೀರು ಬೇಕಿದ್ದರೂ ಬಾಯಾರಿಕೆಯ ಹುಟ್ಟಿನಿಂದ ಶುರು ಮಾಡುವ ಆಸಾಮಿ. ಒಂದು ದಿನ ಆರನೇ ಅಧ್ಯಾಯ ಓದಿ ಅಭಿಪ್ರಾಯ ಹೇಳಿ ಎಂದು ಕೈಗೆ ಕೊಟ್ಟ. ಅದರಲ್ಲಿ ವೀರ ಸೂಪು ಕುಡಿದ ಮೇಲೆ ಶತ್ರುಗಳ ಬಾವಿಗೆ ಇಳಿದು ತಳ ಕಾಣುವವರೆಗೂ ನೀರು ಕುಡಿಯುತ್ತಾನೆ. ತಳದಲ್ಲಿ ಸುರಂಗ ಸಿಗುತ್ತದೆ, ಸುರಂಗದಿಂದ ಕೋಟೆಯೇ ಕೈಗೆ ಬರುತ್ತದೆ.

"ಇವನಿಗ್ಯಾಕಪ್ಪ ಇಷ್ಟು ಬಾಯಾರಿಕೆ?" ಎಂದೆ.

"ಅಕ್ಕಾ, ನೀವು ಆಫೀಸ್ ಫ್ರಿಜ್‌ನಲ್ಲಿಟ್ಟಿದ್ದ ಸೂಪ್ ಕುಡಿದೆ. ಆಮೇಲೆ ನಾನೇ ಅರ್ಧ ದಿನ ನೀರಿನ ಕ್ಯಾನ್ ಹತ್ರ ನಿಂತಿದ್ದೆ. ಬೇಕಂತಲೇ ಹಾಗೆ ಮಾಡಿದೀರಲ್ಲ, ಎಂಥ ತಲೆ ಅಂದ್ಕೊಂಡೆ." ಮೊದಲ ಬಾರಿಗೆ ಪೀಠಿಕೆಯಿಲ್ಲದೆ ಮಾತಾಡಿದ್ದ.

ಆಗ ನನಗೆ ಹೊಳೆಯಿತು. ಕುದಿಸಿದಾಗ ನೀರು ಹೋಗುತ್ತದೆ, ಉಪ್ಪು ಎಲ್ಲಿಗೆ ಹೋಗುತ್ತದೆ? ಅಡುಗೆಮನೆಗೆ ಹೊಸದಾಗಿ ಕಾಲಿಟ್ಟವರೂ ನಾಲಿಗೆಗೆ ತಾಗಿಸಿದ ಕೂಡಲೇ ಹಿಡಿಯುವ ತಪ್ಪು. ಮನೆಯಲ್ಲಿ ನಾಲಿಗೆ ಇರುವವರೊಬ್ಬರು ಇದ್ದರಲ್ಲ, ಅವರೇನು ಮಾಡುತ್ತಿದ್ದರು?

ಸಂಜೆ ಯಜಮಾನರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ಎರಡು ಬಟ್ಟಲಿಟ್ಟು ಒಂದೊಂದು ಚಮಚ ಬಾಯಿಗೆ ಕೊಟ್ಟೆ. "ಮೊದಲನೇದು ಚೆನ್ನಾಗಿದೆಯಾ, ಎರಡನೇದಾ?"

ಎರಡನೆಯದು ಗಂಟಲಿಗೆ ಇಳಿಯುವಾಗ ಅವರ ಕಣ್ಣಲ್ಲಿ ನೀರಾಡಿತು. ಆದರೂ ಮಹಾನುಭಾವರು, "ಎರಡೂ ಚೆನ್ನಾಗಿದೆ" ಎಂದರು.

"ಎರಡನೇದಕ್ಕೆ ಒಂದು ಹಿಡಿ ಉಪ್ಪು ಸುರಿದಿದ್ದೀನಿ ಕಣ್ರೀ!"

ಅವರು ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. "ಮೊದಲು ನೀನೇ ರುಚಿ ನೋಡಿ ನೀನೇ ತಲೆ ಆಡಿಸ್ತಿದ್ದೆ. ಈಗ ನನ್ನ ಬಾಯನ್ನೇ ನೋಡ್ತಾ ನಿಂತಿರ್ತೀಯ. ಆ ಮುಖಕ್ಕೆ ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?"

"ನಿಮ್ಮ ಅಂಗಡಿಗೆ ಬಂದೋರು ನಿಮ್ಮ ಮುಖ ನೋಡಿ ಎಲ್ಲಾ ಕಾಣುತ್ತೆ ಅಂದ್ರೆ ಏನಾಗುತ್ತೆ?"

"ಎಲ್ಲಾದ್ರೂ ಎಡವಿ ಬೀಳ್ತಾರೆ."

"ನಾನೂ ಬಿದ್ದಿದ್ದೀನಿ" ಎಂದೆ. ಪಾಪ ಎನಿಸಿದ್ದೂ ನಿಜ, ಎರಡು ಬಾರಿಸೋಣ ಎನಿಸಿದ್ದೂ ನಿಜ.

ಮರುದಿನ ಆಫೀಸಿಗೆ ನುಗ್ಗಿ, ಉಪ್ಪು ಅರ್ಧ ಮಾಡಬೇಕು, ಅಚ್ಚು ನಿಲ್ಲಿಸಿ ಎಂದೆ. ಪೀಠಿಕೆಯ ಮುಖ ಬಿಳಿಚಿಕೊಂಡಿತು. "ಉಪ್ಪು ಕಡಿಮೆಯಾದ್ರೆ ಬಾಯಾರಿಕೆ ಇಲ್ಲ ಅಕ್ಕಾ. ಬಾಯಾರಿಕೆ ಇಲ್ಲದಿದ್ರೆ ಬಾವಿ ಇಲ್ಲ. ಕೋಟೆ ಹೇಗೆ ಗೆಲ್ಲಲಿ?"

ಸಂಪಾದಕಿ ನಕ್ಕಳು. "ಗೇಮ್ ಆಡೋ ಕೆಲವರಿಗೆ ನಿಮ್ಮ ಪಾಕವಿಧಾನ ಮೊದಲೇ ಕಳಿಸಿದ್ವಿ ಮೇಡಂ. ಮಾಡಿ ಕುಡಿದಿದ್ದಾರೆ. ಗೇಮ್‌ನಲ್ಲಿರೋ ಹಾಗೇ ಇದೆ ಅಂತಾರೆ."

"ಗೇಮ್‌ನಲ್ಲಿ ಹೇಗಿದೆ?"

"ಇದೇ ಥರ."

"ಅವರು ಯಾವಾಗ ಕುಡಿದಿದ್ದು?"

"ಮೊನ್ನೆ, ನಿಮ್ಮದನ್ನೇ."

ನನ್ನ ತಲೆ ಗಿರ್ರೆಂದಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಆದರೂ ಒಂದು ಮಾತಿಗೂ ತಳಬುಡ ಇರಲಿಲ್ಲ. ಸೂಪು ನನ್ನದು, ತಪ್ಪು ನನ್ನದು, ಅದನ್ನು ತಪ್ಪು ಎಂದು ಒಪ್ಪುವವರು ಮಾತ್ರ ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ನನ್ನ ಹೆಸರು ತೆಗೆದುಬಿಡಿ ಎಂದು ಮೇಜು ಗುದ್ದಿದೆ. ಆಗ ಅವಳು ದಾರಿಗೆ ಬಂದಳು. ಕೊನೆಗೆ ಪಾಕವಿಧಾನದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿಸಿದೆ: ವೀರರಲ್ಲದವರು ಉಪ್ಪು ಅರ್ಧ ಹಾಕಿ. ಕೋಟೆಯೂ ಉಳಿಯಿತು, ನನ್ನ ಹೆಸರೂ ಉಳಿಯಿತು. ಉಳಿದ ಪಾಕವಿಧಾನಗಳನ್ನೆಲ್ಲ ಪೀಠಿಕೆಯ ಬಾಯಿಗೆ ಹಾಕಿ ಇನ್ನೊಮ್ಮೆ ನೋಡಿದೆ. ಅವನು ಮುಖ ನೋಡಿ ಮಾತಾಡುವವನಲ್ಲ, ಮುಖವನ್ನೇ ನೋಡುವವನಲ್ಲ.

ಮನೆಗೆ ಬಂದು ಆಲೂಗಡ್ಡೆ, ಬಟಾಣಿ ಬೇಯಿಸಿ ಬಡಿಸಿದೆ. ಯಜಮಾನರು ಒಂದು ತುತ್ತು ತಿಂದು, ಗಂಟಲು ಸರಿಮಾಡಿಕೊಂಡು, "ಉಪ್ಪು ಕಡಿಮೆ" ಎಂದರು.

ನನಗೆ ಮತ್ತೆ ಗೊಂದಲ. ನಿಜಕ್ಕೂ ಕಡಿಮೆಯೋ, ಇಲ್ಲ ಬೈಸಿಕೊಂಡ ಮೇಲೆ ನನ್ನ ಸಮಾಧಾನಕ್ಕೆ ತಪ್ಪು ಹುಡುಕುತ್ತಿದ್ದಾರೋ? ಚೆನ್ನಾಗಿದೆ ಎನ್ನುವುದನ್ನು ಕಲಿತ ಬಾಯಿ ಚೆನ್ನಾಗಿಲ್ಲ ಎನ್ನುವುದನ್ನೂ ಕಲಿಯಬಹುದಲ್ಲ. ಇನ್ನು ಮೇಲೆ ಈ ಮನುಷ್ಯ ಏನು ಹೇಳಿದರೂ ನನಗೆ ಹೀಗೇ ಎನಿಸುತ್ತದೆಯೇ ಎಂದು ಭಯವಾಯಿತು. ಉಪ್ಪಿನ ಡಬ್ಬಿಯನ್ನು ಅವರ ಮುಂದೆ ತಳ್ಳಿ, "ನೀವೇ ಹಾಕ್ಕೊಳ್ಳಿ" ಎಂದೆ.

ಅವರು ಒಂದು ಚಿಟಿಕೆ ತಮ್ಮ ತಟ್ಟೆಗೆ ಉದುರಿಸಿಕೊಂಡರು. ಇನ್ನೊಂದು ಚಿಟಿಕೆ ತೆಗೆದು, ಬಗ್ಗಿ, ನನ್ನ ತಟ್ಟೆಗೆ ಹಾಕಿ ಚಮಚದಲ್ಲಿ ಕಲಸಿದರು.

"ನನಗ್ಯಾಕ್ರೀ? ನನಗೇನು ಗೊತ್ತಾಗುತ್ತಾ?"

"ನಿಂದೂ ಸಪ್ಪೆ ಇತ್ತಲ್ಲ" ಎಂದು ಊಟ ಮುಂದುವರಿಸಿದರು.

ಉಪ್ಪು ನಿಜವಾಗಿಯೂ ಕಡಿಮೆಯಿತ್ತು ಎಂದು ನಾನು ಆಗ ನಂಬಿದೆ.