ನಗೆ ಹತ್ತಿದವರು

"ಅದು ಕುರ್ಚಿ ಕಣೋ ಬೋಳೀಮಗನೇ, ನಿಮ್ಮಪ್ಪನ ಚಟ್ಟ ಅಲ್ಲ! ನೆಟ್ಟಗೆ ಹೊತ್ಕೊ!"

ಮೇಸ್ತ್ರಿಯ ಕೂಗು ಕೇಳಿ ಅತ್ತಿಗೆ ತಿರುಗಿ ನೋಡಿದಳು. ಬೆಟ್ಟ ಹತ್ತುತ್ತಿದ್ದ ಸಾಲಿನ ಕೊನೆಯಲ್ಲಿ ಪೀಪಿ ಓಲಾಡುತ್ತ ಬರುತ್ತಿದ್ದ. ಅವನ ಬೆನ್ನ ಮೇಲೆ ತೇಗದ ಕುರ್ಚಿ. ಅದರ ಕೈಗಳಿಗೆ ಸಿಂಹದ ಮುಖ, ಕೂರುವಲ್ಲಿ ಕೆಂಪು ಮಖಮಲ್ಲು. ಸಾಹುಕಾರರಿಗೆ ನಾಡಿದ್ದು ಐವತ್ತು ತುಂಬುತ್ತದಂತೆ. ಅವತ್ತು ಬೆಟ್ಟದ ನೆತ್ತಿಯ ಮೇಲೆ ಈ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತು ಫೋಟೋ ತೆಗೆಸಿಕೊಳ್ಳಬೇಕಂತೆ.

"ಮೇಸ್ತ್ರಿಗಳೇ, ಎಲ್ರೂ ಕುರ್ಚಿ ಮೇಲೆ ಕೂತ್ಕೋತಾರೆ, ನನ್ನ ಮೇಲೆ ಕುರ್ಚೀನೇ ಕೂತಿದೆ! ನಾನೆಷ್ಟು ದೊಡ್ಡ ಮನುಷ್ಯ ನೋಡಿ!" ಎಂದ ಪೀಪಿ.

ಸಾಲಿಗೆ ಸಾಲೇ ನಕ್ಕಿತು. ಪೀಪಿ ಇದ್ದಲ್ಲಿ ನಗುವಿಗೇನು ಬರ? ಬಾಯಿ ಮುಚ್ಚದವನು ಎಂದೇ ಅವನಿಗೆ ಆ ಹೆಸರು ಬಿದ್ದದ್ದು.

ಮೇಸ್ತ್ರಿಯ ಪ್ರಕಾರ ಬೆಟ್ಟ ಹತ್ತುವವರಲ್ಲಿ ಎರಡೇ ಜಾತಿ. ಕೈ ಬೀಸಿಕೊಂಡು ಹತ್ತುವವರು ತಲೆ, ಹೊರೆ ಹೊತ್ತು ಹತ್ತುವವರು ಬೆನ್ನು. ಈ ಸಲ ಐದು ತಲೆ, ಇಪ್ಪತ್ತೆರಡು ಬೆನ್ನು. ಡೇರೆ, ಹಾಸಿಗೆ, ಒಲೆ, ಗ್ಯಾಸು, ಉಸಿರಾಡುವ ಗಾಳಿಯ ಸಿಲಿಂಡರು, ಮೊಟ್ಟೆಯ ಟ್ರೇ, ಬಲೂನು, ಹೀಗೆ ಐದು ಜನರ ಆರು ದಿನದ ಸುಖವೆಲ್ಲ ಹಣೆಗೆ ಕಟ್ಟಿದ ಪಟ್ಟಿಗಳಿಗೆ ಜೋತುಬಿದ್ದು ಮೇಲೇರುತ್ತಿತ್ತು. ಇವತ್ತು ನಾಲ್ಕನೇ ದಿನ. ತಲೆಗಳ ಕಕ್ಕಸಿನ ಡಬ್ಬ ಅತ್ತಿಗೆಯ ಪಾಲಿಗೆ ಬಂದಿತ್ತು. ಹೆಂಗಸಾದರೆ ಚೆಲ್ಲದ ಹಾಗೆ ನಾಜೂಕಾಗಿ ಹೊರುತ್ತಾಳೆ ಎಂದು ಹಂಚುವಾಗ ಮೇಸ್ತ್ರಿ ಹಲ್ಲು ಕಿರಿದಿದ್ದ.

ಅವಳು ಎಲ್ಲರಿಗೂ ಅತ್ತಿಗೆಯೇ. ಅವಳನ್ನೂ ಅವಳ ಗಂಡನನ್ನೂ ಈ ಕೆಲಸಕ್ಕೆ ಕರೆತಂದವನು ಮೈದುನ ಪೀಪಿ. ಅವನು ಅತ್ತಿಗೆ ಅಂದ, ಮಿಕ್ಕವರೂ ಅಂದರು. ಸಾಲಿನ ಮುಂದೆ ನಡೆಯುವ ಬೊಚ್ಚು ಬಾಯಿಯ ಅಜ್ಜ ಕೂಡ, ಅವಳಪ್ಪನಿಗಿಂತ ಹಿರಿಯ, ಅತ್ತಿಗೆ ಎಂದೇ ಕರೆಯುತ್ತಿದ್ದ.

ಎಲ್ಲರ ನಗು ನಿಂತಿತು. ಪೀಪಿಯದು ನಿಲ್ಲಲಿಲ್ಲ. ಒಬ್ಬನೇ ಕಿಸಕಿಸ ನಗುತ್ತಲೇ ಇದ್ದ. ಅತ್ತಿಗೆ ನಿಂತುಬಿಟ್ಟಳು.

ಹೊರೆಯವರ ಬಾಯಲ್ಲಿ ಅದಕ್ಕೆ 'ನಗೆ ಹತ್ತೋದು' ಎಂದು ಹೆಸರು. ಮೇಲೇರಿದಂತೆ ಗಾಳಿ ತೆಳ್ಳಗಾಗಿ ಕೆಲವರ ತಲೆ ಕೆಡುತ್ತದೆ. ಮೊದಲು ಸುಮ್ಮಸುಮ್ಮನೆ ನಗು, ಆಮೇಲೆ ತೊದಲು, ಆಮೇಲೆ ತೂರಾಟ, ಕೊನೆಗೆ ನಿದ್ದೆ. ಆ ನಿದ್ದೆಯಿಂದ ಎದ್ದವರಿಲ್ಲ. ಕೂಡಲೇ ಕೆಳಗಿಳಿಸಿದರೆ ಮಾತ್ರ ಮನುಷ್ಯ ಉಳಿಯುತ್ತಾನೆ. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಅವಳ ಗಂಡನಿಗೆ ನಗೆ ಹತ್ತಿತ್ತು. ಅವಳಿಗದು ಮೊದಲ ಏರು, ಏನೂ ತಿಳಿಯದು. ತಿಳಿದವರೆಲ್ಲ ಮುಂದೆ ಹೋಗಿದ್ದರು, ಗಂಡಹೆಂಡತಿ ಇಬ್ಬರೇ ಹಿಂದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ಅಷ್ಟು ತಮಾಷೆ ಮಾಡಿದ್ದೇ ಇಲ್ಲ. ಬಂಡೆಗೆ ಕೈಮುಗಿದ, ತನ್ನ ಬೆರಳುಗಳನ್ನು ತಾನೇ ಎಣಿಸಿ ಎಣಿಸಿ ತಪ್ಪಿದ. ಅವಳೂ ಹೊಟ್ಟೆ ಹಿಡಿದುಕೊಂಡು ಅರ್ಧ ದಿನ ಅವನ ಜೊತೆ ನಕ್ಕಳು. ಸಂಜೆಯೊಳಗೆ ಅವನು ಹೋಗಿಬಿಟ್ಟ. ಆ ನಗು ನೆನಪಾದಾಗಲೆಲ್ಲ ತನ್ನ ಬಾಯಿಗೆ ತಾನೇ ಬರೆ ಹಾಕಿಕೊಳ್ಳಬೇಕು ಅನಿಸುತ್ತಿತ್ತು ಅವಳಿಗೆ. ಅವತ್ತಿನಿಂದ ಅವಳು ನಕ್ಕಿದ್ದನ್ನು ಯಾರೂ ನೋಡಿಲ್ಲ.

ಅವಳು ಡಬ್ಬ ಇಳಿಸಿ ಹಿಂದಕ್ಕೆ ಓಡಿದಳು.

"ಪೀಪಿ, ಇಲ್ಲಿ ನೋಡು. ನಾನು ಯಾರು?"

"ನೀನಾ? ನೀನು..." ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀನು ಕಕ್ಕಸು!" ಎಂದು ಬಿದ್ದುಬಿದ್ದು ನಕ್ಕ. ಎಡಗಾಲಿನ ಬೂಟು ಬಲಗಾಲಿನಲ್ಲಿತ್ತು.

ಪಕ್ಕದ ಬಂಡೆಯ ಮೇಲೆ ತಲೆಗಳು ಸುಧಾರಿಸಿಕೊಳ್ಳುತ್ತಿದ್ದರು. ಸಾಹುಕಾರರ ಮಗಳು ಫೋನು ಎತ್ತಿ ಪೀಪಿಯ ಮುಖಕ್ಕೆ ಹಿಡಿದಳು.

"ಪಪ್ಪಾ, ಎಷ್ಟು ಖುಷಿಯ ಜನ ಅಲ್ವಾ? ಏನೂ ಇಲ್ದಿದ್ರೂ ಹೇಗೆ ನಗ್ತಾರೆ ನೋಡಿ!"

"ಟೆನ್ಶನ್ ಇಲ್ಲಮ್ಮ ಇವ್ರಿಗೆ. ನಮ್ಮ ಹಾಗಲ್ಲ," ಎಂದರು ಸಾಹುಕಾರರು. ಅವರ ದನಿಯಲ್ಲಿ ನಿಜವಾಗಿಯೂ ಹೊಟ್ಟೆಕಿಚ್ಚಿತ್ತು. "ಏಯ್, ಇನ್ನೊಂದ್ಸಲ ನಗೋ! ಕ್ಯಾಮೆರಾ ನೋಡ್ಕೊಂಡು!"

ಪೀಪಿ ಕ್ಯಾಮೆರಾ ನೋಡಿಕೊಂಡು ನಕ್ಕ. ಮಗಳು ಅವನ ಬಾಯಿಗೆ ಒಂದು ಚಾಕಲೇಟು ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಬಿಡಾರ ಸಿಕ್ಕಿತು. ಅಲ್ಲಿಂದ ಮೇಲೆ ಬರೀ ಕಲ್ಲು, ಮಂಜು, ಆಕಾಶ. ಅತ್ತಿಗೆ ನೇರ ಮೇಸ್ತ್ರಿಯ ಡೇರೆಗೆ ಹೋದಳು.

"ಮೇಸ್ತ್ರಿಗಳೇ, ಪೀಪಿಗೆ ನಗೆ ಹತ್ತಿದೆ. ಈಗ್ಲೇ ಇಳಿಸ್ಬೇಕು. ನಾನು ಕರ್ಕೊಂಡು ಹೋಗ್ತೀನಿ."

"ಕುರ್ಚಿ ಯಾರು ಹೊರೋದು? ನಿಮ್ಮಜ್ಜನಾ?"

"ಮನುಷ್ಯ ಸಾಯ್ತಾನೆ ಮೇಸ್ತ್ರಿಗಳೇ."

"ಅವನು ಹುಟ್ಟಿದಾಗಿಂದ ನಗ್ತಾನೇ ಇದ್ದಾನೆ, ಸತ್ತಿದ್ದಾನಾ? ಖಾಲಿ ಬೆನ್ನು ಇಳಿದ್ರೆ ಕೂಲಿ ಪಟ್ಟಿಯಿಂದ ಹೆಸರು ಹೋಗುತ್ತೆ, ಗೊತ್ತಲ್ಲ? ಆಮೇಲೆ ಈ ಬೆಟ್ಟದಲ್ಲಿ ನಿನಗೆ ಒಂದು ಕಡ್ಡಿ ಹೊರೋಕೂ ಕೆಲಸ ಸಿಗಲ್ಲ. ಮಕ್ಕಳಿಗೇನು, ಮಣ್ಣು ತಿನ್ನಿಸ್ತೀಯಾ?"

"ಆ ಗಾಳಿ ಸಿಲಿಂಡರಾದ್ರೂ ಕೊಡಿ, ಕೈ ಮುಗೀತೀನಿ."

"ಅದು ತಲೆಗಳಿಗೆ. ಬೆನ್ನಿಗೆಲ್ಲಿಯ ತಲೆಸುತ್ತು?" ತನ್ನ ಮಾತು ತನಗೇ ರುಚಿಸಿ ಮೇಸ್ತ್ರಿ ಗಹಗಹಿಸಿದ.

"ನೀವೇ ಓದ್ತೀರಲ್ಲ ಪ್ರತೀ ಸಲ. 'ಯಾರಿಗಾದರೂ' ಅಂತ."

ಹೌದು, ಓದುತ್ತಿದ್ದ. ಪ್ರತಿ ಸಲ ಬೆಟ್ಟದ ಬುಡದಲ್ಲಿ ಎಲ್ಲರನ್ನೂ ನಿಲ್ಲಿಸಿ ನಿಯಮದ ಹಾಳೆ ಹಿಡಿದು, ಹೊಸಬರಿಗೆ ಒಂದಕ್ಷರವೂ ತಿಳಿಯದ ಹಾಗೆ ಒಂದೇ ಉಸಿರಿನಲ್ಲಿ ಓದುತ್ತಿದ್ದ: ಅಕಾರಣ ನಗು, ತೊದಲು ಮಾತು, ತೂರಾಟ, ಈ ಲಕ್ಷಣಗಳು ಯಾರಿಗಾದರೂ ಕಂಡುಬಂದಲ್ಲಿ ತಕ್ಷಣವೇ ಕೆಳಗಿಳಿಸತಕ್ಕದ್ದು. ಕೇಳಿ ಕೇಳಿ ಇಪ್ಪತ್ತೆರಡು ಜನಕ್ಕೂ ಅದು ಬಾಯಿಪಾಠವಾಗಿತ್ತು.

"ಯಾರಿಗಾದರೂ ಅಂದ್ರೆ ಅವರಲ್ಲಿ ಯಾರಿಗಾದ್ರೂ ಕಣೇ," ಎಂದ ಮೇಸ್ತ್ರಿ. "ನಿನಗೆ ಬರೆದದ್ದು ಅಂದ್ಕೊಂಡ್ಯಾ, ಕಕ್ಕಸು ಹೊರೋಳೆ? ನಡಿ, ಡಬ್ಬ ಹಾಕು. ಸಾಹುಕಾರ್ರಿಗೆ ಅರ್ಜೆಂಟು."

ಅವಳು ಡಬ್ಬ ಇಟ್ಟಳು, ಸುತ್ತ ಪರದೆ ಕಟ್ಟಿದಳು. ಆಮೇಲೆ ಪೀಪಿಯ ಕೈ ಹಿಡಿದು ಎಳೆದುಕೊಂಡು ಊಟದ ಡೇರೆಯ ಮುಂದೆ ನಿಂತಳು. ಒಳಗೆ ಬಿಸಿ ಸೂಪು ನಡೆದಿತ್ತು. ಸಾಹುಕಾರರ ಅಳಿಯ ಡಾಕ್ಟರು. ದಿನಾ ಬೆಳಿಗ್ಗೆ ಮಿಕ್ಕ ತಲೆಗಳನ್ನು ನೆಲದ ಮೇಲಿನ ಹಗ್ಗದ ಗುಂಟ ನಡೆಸಿ, ತೂರಾಡುತ್ತಾರೋ ಎಂದು ನೋಡುತ್ತಿದ್ದವನು ಅವನೇ. ಬೆನ್ನುಗಳನ್ನು ಯಾರೂ ಯಾವತ್ತೂ ನಡೆಸಿ ನೋಡಿದ್ದಿಲ್ಲ. ಅತ್ತಿಗೆ ಅದೇ ಹಗ್ಗವನ್ನು ಎಳೆದು ನೇರ ಮಾಡಿದಳು.

"ಡಾಕ್ಟರೇ, ಒಂದೇ ಒಂದು ಸಲ ನೋಡಿ. ನಡಿ ಪೀಪಿ, ಇದರ ಮೇಲೆ ನಡಿ."

ಪೀಪಿ ಎರಡು ಹೆಜ್ಜೆ ಇಟ್ಟ. ಮೂರನೆಯದು ಎಲ್ಲಿಗೋ ಹೋಯಿತು. ಮಕಾಡೆ ಬಿದ್ದ, ಬಾಯಿಗೆ ಮಣ್ಣು ಮೆತ್ತಿಕೊಂಡು ನಕ್ಕ. ತಲೆಗಳು ಚಪ್ಪಾಳೆ ತಟ್ಟಿದರು.

ಡಾಕ್ಟರು ಚಪ್ಪಾಳೆ ತಟ್ಟಲಿಲ್ಲ. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವನ ಮುಖದಲ್ಲಿ ಅತ್ತಿಗೆಗೆ ಸ್ಪಷ್ಟವಾಗಿ ಕಂಡಿತು. ಅವನು ಒಮ್ಮೆ ಮಾವನ ಕಡೆ ನೋಡಿದ, ಒಮ್ಮೆ ಮಖಮಲ್ಲಿನ ಕುರ್ಚಿಯ ಕಡೆ ನೋಡಿದ.

"ಏನೋ ಕುಡಿದಿರಬೇಕು," ಎಂದು ಸೂಪಿನ ಬಟ್ಟಲಿಗೆ ಮುಖ ಹಾಕಿದ.

"ಕುಡಿದಿದ್ರೆ ಇನ್ನೂ ಒಳ್ಳೇದು!" ಸಾಹುಕಾರರು ತೊಡೆ ತಟ್ಟಿದರು. "ಮೇಸ್ತ್ರಿ, ನಾಡಿದ್ದು ಹುಟ್ಟುಹಬ್ಬಕ್ಕೆ ಇವರ ಕುಣಿತ ಇದೆಯಲ್ಲ, ಇವತ್ತೇ ಒಂದ್ಸಲ ಆಗ್ಲಿ ಕಣಯ್ಯ. ಎಲ್ರನ್ನೂ ಕರಿ. ಇವನನ್ನ ನಡುವೆ ನಿಲ್ಸು."

ಮೇಸ್ತ್ರಿ ಸೀಟಿ ಊದಿದ. ಮಿಕ್ಕ ಬೆನ್ನುಗಳೆಲ್ಲ ಬಂದು ಸುತ್ತ ನಿಂತವು. ಬೆನ್ನಿಗೊಂದರಂತೆ ಬಣ್ಣದ ಕಾಗದದ ಟೋಪಿ ಹಂಚಿದರು, ಅಜ್ಜನಿಗೂ ಒಂದು. ಪೀಪಿ ನಡುವೆ ನಿಂತು ಏನೋ ಹೇಳಲು ಹೋದ, ನಾಲಿಗೆ ಹೊರಳಲಿಲ್ಲ. ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯಿತು.

ಇನ್ನು ಉಳಿದದ್ದು ನಿದ್ದೆ ಒಂದೇ. ಅತ್ತಿಗೆಗೆ ಅಳು ಬರಬೇಕಿತ್ತು. ಗಂಟಲಿಗೆ ಬಂದದ್ದು ಮಾತ್ರ ಬೇರೆ.

"ಹಹ್ಹಾ!" ಎಂದಳು. ಎರಡು ವರ್ಷ ಬಳಸದ ನಗು, ಕೆಮ್ಮಿನ ಹಾಗೆ ಒಣಗಿಕೊಂಡು ಬಂತು. ಮತ್ತೊಂದು ಸಲ ಎಳೆದಳು. "ಹಹ್ಹಾ! ಹಹ್ಹಹ್ಹಾ! ಮೇಸ್ತ್ರಿಗಳೇ, ನಂಗೂ ಹತ್ತಿತು! ಅಯ್ಯಯ್ಯಪ್ಪ, ನಂಗೂ ನಗೆ ಹತ್ತಿತು!"

ಅಜ್ಜ ಅವಳ ಮುಖ ನೋಡಿದ. ಮುಖದಲ್ಲಿ ನಗುವಿತ್ತು, ಕಣ್ಣಲ್ಲಿ ಧಾರಾಕಾರ ನೀರು. ಅವನಿಗೆ ಅರ್ಥವಾಯಿತು. ಮುದುಕ ಆಸಾಮಿ ಸಾಮಾನ್ಯನಲ್ಲ. ಕಾಗದದ ಟೋಪಿ ಓರೆ ಮಾಡಿಕೊಂಡ, ಬೊಚ್ಚು ಬಾಯಿ ಅಗಲಿಸಿದ, "ಹಿಹಿಹೀ! ನಂಗೂ ಬಂತು ಕಣ್ರೋ!" ಎಂದು ನೆಲದ ಮೇಲೆ ಉರುಳಿಯೇಬಿಟ್ಟ.

"ನಂಗೂ!" ಎಂದ ಗ್ಯಾಸು ಹೊರುವವನು.

"ನನ್ನ ಬಿಟ್ಟು ಹೋಗ್ಬೇಡ್ರೋ, ನಂಗೂ!" ಎಂದ ಮೊಟ್ಟೆಯವನು.

ಮೊದಮೊದಲು ಅದು ನಾಟಕದ ನಗುವೇ. ಆದರೆ ನಗುವಿನ ಗುಣವೇ ಹಾಗೆ, ಶುರು ಹಚ್ಚಿಕೊಂಡ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಒಬ್ಬ ಇನ್ನೊಬ್ಬನ ಟೋಪಿ ನೋಡಿ ನಕ್ಕ, ಅವನು ಇವನ ಹಲ್ಲು ನೋಡಿ ನಕ್ಕ. ಕುಂಟುತ್ತಿದ್ದವನು ನಕ್ಕ, ಬೆಳಿಗ್ಗೆ ಮೇಸ್ತ್ರಿಯ ಕೈಲಿ ಕಪಾಳಕ್ಕೆ ಬಿಗಿಸಿಕೊಂಡವನು ಎಲ್ಲರಿಗಿಂತ ಜೋರಾಗಿ ನಕ್ಕ. ತಲೆಗಳೂ ನಕ್ಕರು, ಪಾಪ, ತಮಗಾಗಿಯೇ ಏರ್ಪಾಡಾದ ಮಜಾ ಎಂದುಕೊಂಡು. ಮಗಳ ಫೋನು ಗಿರಗಿರ ತಿರುಗಿತು. ಅತ್ತಿಗೆಯ ಒಣ ಗಂಟಲಿಗೂ ಎಲ್ಲಿಂದಲೋ ಪಸೆ ಬಂತು. ಅವಳು ಪಕ್ಕೆ ಹಿಡಿದುಕೊಂಡು, ಈ ಸಲ ನಿಜವಾಗಿ, ಹುಚ್ಚಿಯ ಹಾಗೆ ನಕ್ಕಳು. ಎಷ್ಟು ಹಗುರ ಅನಿಸಿತು ಅವಳಿಗೆ!

"ಏಯ್, ಸಾಕು ಮಾಡ್ರೋ ನನ್ಮಕ್ಳಾ! ಕುಣೀರಿ!" ಮೇಸ್ತ್ರಿ ಕಿರುಚಿದ.

ಅಜ್ಜ ಎದ್ದು ಎದೆ ಸೆಟೆಸಿ, ಮೇಸ್ತ್ರಿಯ ಹಾಗೆಯೇ ಮೂಗಿನಿಂದ ರಾಗ ಎಳೆದ: "ಅಕಾರಣ ನಗೂ..."

"ತೊದಲು ಮಾತೂ, ತೂರಾಟಾ!" ಇಪ್ಪತ್ತು ಗಂಟಲು ಸೇರಿಸಿದವು. "ಈ ಲಕ್ಷಣಗಳೂ ಯಾರಿಗಾದರೂ ಕಂಡುಬಂದಲ್ಲೀ!"

"ಯಾರಿಗಾದರೂ!" ಎಂದಳು ಅತ್ತಿಗೆ.

"ತಕ್ಷಣವೇ ಕೆಳಗಿಳಿಸತಕ್ಕದ್ದೂ!"

ತಲೆಗಳ ನಗು ಒಂದೊಂದಾಗಿ ಆರಿತು. "ಇದೇನಿದು? ಇಷ್ಟೂ ಜನಕ್ಕಾ?" ಸಾಹುಕಾರರು ಅಳಿಯನ ತೋಳು ಹಿಡಿದರು. "ಅಂಟುರೋಗನಾ?" ಮಗಳು ಶಾಲಿನಿಂದ ಮೂಗು ಮುಚ್ಚಿಕೊಂಡಳು.

ಆ ಮೂಗು ಮುಚ್ಚಿದ್ದನ್ನು ನೋಡಿ ಮತ್ತೊಂದು ಅಲೆ ನಗು ಎದ್ದಿತು. ನಗುತ್ತಲೇ ಕೆಲಸ ನಡೆಯಿತು. ಒಬ್ಬ ಕುರ್ಚಿಯ ಕಡೆ ಓಡಿದ, ಪೀಪಿಯನ್ನು ಅದರಲ್ಲೇ ಹೊತ್ತುಕೊಂಡು ಹೋಗೋಣ ಎಂದ.

"ಮುಟ್ಬೇಡ!" ಎಂದಳು ಅತ್ತಿಗೆ. "ಆಮೇಲೆ ಕಳ್ಳರು ಅಂತಾರೆ. ಅವ್ರದ್ದೊಂದು ಚಮಚಾನೂ ಬೇಡ."

ಅವಳು ತನ್ನ ಕಂಬಳಿ ಬಿಚ್ಚಿ ಪೀಪಿಯನ್ನು ಸುತ್ತಿದಳು, ಹಣೆಪಟ್ಟಿ ಕಟ್ಟಿ ಬೆನ್ನಿಗೇರಿಸಿಕೊಂಡು ಎದ್ದಳು.

"ಇಪ್ಪತ್ತೆರಡು ಹೆಸರೂ ಹೊಡೀತೀನಿ!" ಮೇಸ್ತ್ರಿಯ ದನಿ ಒಡೆದು ಹೋಗಿತ್ತು. "ಒಬ್ಬರನ್ನೂ ಬಿಡಲ್ಲ!"

"ಹೊಡಿಯಪ್ಪ," ಎಂದ ಅಜ್ಜ. "ಎಲ್ಲಾ ಹೊಡೆದ ಮೇಲೆ ಪಟ್ಟೀಲಿ ಉಳಿಯೋದು ನಿನ್ನ ಹೆಸರೊಂದೇ. ನೀನೇ ಹೊರು."

ಹೊರೆಯಿಲ್ಲದೆ ಆ ದಾರಿ ಇಳಿದು ಯಾರಿಗೂ ರೂಢಿಯಿರಲಿಲ್ಲ. ಹಿಂದಕ್ಕೆ ಜಗ್ಗುವ ಭಾರವಿಲ್ಲದೆ ಮುಂದಕ್ಕೆ ಮುಗ್ಗರಿಸಿದರು, ಒಬ್ಬರ ಮೇಲೊಬ್ಬರು ಬಿದ್ದರು, ಅದಕ್ಕೂ ನಕ್ಕರು. ಪೀಪಿಯನ್ನು ಸರದಿಯ ಮೇಲೆ ಹೊತ್ತರು. ಎರಡನೇ ತಿರುವಿನಲ್ಲಿ ಅವನ ನಗು ನಿಂತಿತು. ಮೂರನೆಯದರಲ್ಲಿ ಕತ್ತು ವಾಲಿತು. ಅತ್ತಿಗೆ ಅವನನ್ನು ಮತ್ತೆ ತನ್ನ ಬೆನ್ನಿಗೇ ಹಾಕಿಕೊಂಡು, "ಮಲಗ್ಬೇಡ ಕಣೋ, ಮಲಗ್ಬೇಡ ನನ್ನಪ್ಪ," ಎಂದು ಗೊಣಗುತ್ತ ಓಡಿದಳು. ಕಲ್ಲು ಮುಗಿದು ಹುಲ್ಲು ಶುರುವಾಗುವ ಕಡೆ ಅವಳು ನಿಂತಳು. ಅವನನ್ನು ಇಳಿಸಿ ಕೆನ್ನೆಗೆ ಪಟಪಟ ಬಾರಿಸಿದಳು.

"ಥೂ, ಯಾಕೆ ಹೊಡೀತೀಯ ಅತ್ತಿಗೆ?" ಪೀಪಿ ಕಣ್ಣು ಬಿಟ್ಟ. ಮಾತು ಬಿಡಿಬಿಡಿಯಾಗಿ, ಸಿಡುಕಾಗಿ, ಸ್ವಚ್ಛವಾಗಿ ಬಂತು. "ತಲೆ ಸಿಡೀತಿದೆ, ಹೊಟ್ಟೆ ಹಸೀತಿದೆ, ಹೊಡೆತ ಬೇರೆ. ಇದ್ರಲ್ಲಿ ನಗೋ ಅಂಥದ್ದೇನಿದೆ?"

ಅವಳು ಅಲ್ಲೇ ಹುಲ್ಲಿನ ಮೇಲೆ ಕೂತು ಗೋಳೋ ಎಂದು ಅತ್ತಳು. ಅಜ್ಜ ಅವಳ ತಲೆ ಸವರಿದ. ತುಸು ಹೊತ್ತಿನ ಮೇಲೆ ಎಲ್ಲರೂ ಎದ್ದು ಮತ್ತೆ ಇಳಿಯತೊಡಗಿದರು.

ಕಡಿದಾದ ಓಣಿಯಲ್ಲಿ ಕೆಳಗಿನಿಂದ ಇನ್ನೊಂದು ತಂಡ ಎದುರಾಯಿತು. ಏಳು ತಲೆಗಳು ಕೋಲು ಊರಿಕೊಂಡು ಮುಂದೆ ಹೋದರು, ಹಿಂದೆ ಬೆನ್ನುಗಳ ಉದ್ದ ಸಾಲು. ಹೊರೆಯವರಿಗೆ ದಾರಿ ಬಿಡುವುದು ಬೆಟ್ಟದ ರಿವಾಜು. ಇಪ್ಪತ್ತೆರಡು ಜನವೂ ಪಕ್ಕಕ್ಕೆ ಸರಿದು ಬಂಡೆಗೆ ಒರಗಿ ನಿಂತರು. ಹತ್ತಿ ಬರುತ್ತಿದ್ದವರು ಬಗ್ಗಿದ ಕತ್ತಿನಲ್ಲೇ ಕಣ್ಣೆತ್ತಿ ನೋಡಿದರು. ಇಷ್ಟು ಜನ, ಬರಿಗೈಲಿ, ಬರಿಬೆನ್ನಲ್ಲಿ, ಕಾಗದದ ಟೋಪಿ ಹಾಕಿಕೊಂಡು ಇಳಿಯುವುದನ್ನು ಅವರು ಕಂಡಿದ್ದೇ ಇಲ್ಲ.

ಸಾಲಿನ ಕೊನೆಯಲ್ಲಿ ಒಬ್ಬಳು ಹೆಂಗಸು, ಸ್ನಾನದ ರಬ್ಬರು ತೊಟ್ಟಿ ಹೊತ್ತವಳು, ಅತ್ತಿಗೆಯ ಮುಂದೆ ನಿಂತಳು.

"ಹೊರೆ ಎಲ್ಲಿ ಅಕ್ಕಾ?"

"ಮೇಲಿದೆ."

"ಮೇಲೆ ಬಿಟ್ಟು ಬಂದ್ರಾ? ಏನಾಯ್ತು?"

"ನಗೆ ಹತ್ತಿತು ಕಣೇ."

"ಯಾರಿಗೆ?"

"ಎಲ್ಲರಿಗೂ."

ಹೆಂಗಸು ಪೀಪಿಯನ್ನು ನೋಡಿದಳು, ಅಜ್ಜನ ಟೋಪಿ ನೋಡಿದಳು, ಮೇಲೆ ದೂರ ಹೋಗುತ್ತಿದ್ದ ಏಳು ಜನರ ಬೆನ್ನು ನೋಡಿದಳು. ಹಣೆಯಿಂದ ಪಟ್ಟಿ ಜಾರಿಸಿದಳು. ತೊಟ್ಟಿ ನೆಲಕ್ಕೆ ಬಿದ್ದು ಒಮ್ಮೆ ಪುಟಿಯಿತು, ಇಳಿಜಾರು ಹಿಡಿದು ಉರುಳುತ್ತ, ನೆಗೆಯುತ್ತ ಕೆಳಗೆ ಹೋಗಿಯೇ ಹೋಯಿತು.

"ಅಯ್ಯೋ," ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಸೆರಗಿನ ಹಿಂದೆ ಅವಳ ಭುಜಗಳು ಕುಲುಕತೊಡಗಿದವು.