ಅಣ್ಣನ ಸಂಖ್ಯೆ

ಧ್ವನಿಪುಸ್ತಕಗಳನ್ನು ಸಿದ್ಧಪಡಿಸುವ ಆ ಕಚೇರಿಯಲ್ಲಿ ಅಣ್ಣನ ಕೆಲಸವೆಂದರೆ ಓದುವವರ ಉಸಿರನ್ನೂ ಕೆಮ್ಮನ್ನೂ ಕತ್ತರಿಸಿ ತೆಗೆಯುವುದು. ಬಿಡುವಿನಲ್ಲಿ ಅವನು, ದೃಷ್ಟಿ ಮಂಕಾಗುತ್ತಿದ್ದ ತಾಯಿಗಾಗಿ, ಒಂದು ಕಾದಂಬರಿಯನ್ನು ತಾನೇ ಓದಿ ಧ್ವನಿಮುದ್ರಿಸುತ್ತಿದ್ದ. ಗ್ರಂಥ ಮುಗಿಯುವ ಮುನ್ನವೇ ಅವನ ಆಯುಷ್ಯ ಮುಗಿಯಿತು. ತೆರವಾದ ಕುರ್ಚಿಗೆ ತಂಗಿ ಬಂದಳು. ತಾಯಿಗೆ ಈಗ ಏನೂ ಕಾಣಿಸುತ್ತಿರಲಿಲ್ಲ.

"ಅವನು ಓದಿದಷ್ಟಾದ್ರೂ ತಂದು ಕೇಳಿಸೇ," ಎಂದಿದ್ದಳು ಆಕೆ, ಬೆಳಿಗ್ಗೆ.

ಎಲ್ಲರ ಫೈಲುಗಳೂ ಇರುವ ಸರ್ವರ್ ಯಂತ್ರವನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಒಡೆಯ. ಯಾವ ಫೈಲು ಕಂಡರೂ "ಇದರ ಒಡೆಯ ಯಾರು?" ಎಂದು ಗದರುವುದು ಅವನ ವಾಡಿಕೆ.

"ಒಡೆಯರೇ, ಅಣ್ಣನ ಫೈಲ್‌ಗಳೆಲ್ಲ ಬೇಕಿತ್ತು."

"ಅಷ್ಟೇನಾ? ಚಿಟಿಕೆ ಹೊಡೆಯೋದ್ರಲ್ಲಿ ಬರುತ್ತೆ ಬಿಡಮ್ಮ. ನನ್ನ ಕಣ್ತಪ್ಪಿಸಿ ಇಲ್ಲಿ ಒಂದು ನೊಣಾನೂ ಹಾರಲ್ಲ."

ಕಪ್ಪು ಪರದೆಯ ಮೇಲೆ ಫೈಲು ಹುಡುಕುವ 'ಫೈಂಡ್' ಆಜ್ಞೆಯನ್ನೂ ಅದರ ಮುಂದೆ ಅಣ್ಣನ ಹೆಸರನ್ನೂ ಬರೆದ. ಅಂಥ ಬಳಕೆದಾರನೇ ಇಲ್ಲವೆಂದಿತು ಯಂತ್ರ.

"ಹೌದಲ್ಲ, ಖಾತೆ ತೆಗೆದುಬಿಟ್ಟಿದ್ದೀನಿ. ಪರವಾಗಿಲ್ಲ. ಹೆಸರೆಲ್ಲ ನಮ್ಮ ಸಮಾಧಾನಕ್ಕೆ, ಯಂತ್ರ ಫೈಲಿನ ಮೇಲೆ ಬರ್ಕೊಳ್ಳೋದು ಖಾತೆಯ ನಂಬರನ್ನ. ಹಳೇ ದಾಖಲೆಯಿಂದ ಆ ನಂಬರ್ ತೆಗೆದು ಹುಡುಕೋಣ."

ಈ ಸಲ ಒಂದೇ ಒಂದು ಸಾಲು ಮೂಡಿತು. ಒಡೆತನದ ಜಾಗದಲ್ಲಿ ತಂಗಿಯ ಹೆಸರಿತ್ತು. ಅವಳು ಆ ಬೆಳಿಗ್ಗೆಯಷ್ಟೇ ಉಸಿರು ಕತ್ತರಿಸಿಟ್ಟ ಅಧ್ಯಾಯ ಅದು.

"ಇದು ನಂದಲ್ವಾ?"

ಅವನ ಬೆರಳು ಕೀಲಿಗಳ ಮೇಲೆಯೇ ನಿಂತಿತು. "ಖಾಲಿಯಾದ ನಂಬರನ್ನೇ ಹೊಸಬರಿಗೆ ಕೊಡೋದು ನನ್ನ ಪದ್ಧತಿ. ಅವನದ್ದೇ ನಿನಗೆ ಬಂದಿದೆ. ಅವನ ಫೈಲೆಲ್ಲ ನಿನ್ನ ಹೆಸರಲ್ಲೇ ಇದ್ದಿರಬೇಕು."

"ಇದ್ದಿರಬೇಕು ಅಂದ್ರೆ? ಈಗ ಎಲ್ಲಿವೆ?"

ಕೇಳುತ್ತಿದ್ದಂತೆಯೇ ಅವಳಿಗೆ ಉತ್ತರ ಹೊಳೆಯಿತು. ಕಳೆದ ವಾರ ಡಿಸ್ಕ್ ತುಂಬಿದಾಗ, ತಮ್ಮ ತಮ್ಮ ಹೆಸರಿನಲ್ಲಿರುವುದನ್ನು ಹುಡುಕಿ ಬೇಡದ್ದನ್ನು ಅಳಿಸಬೇಕೆಂದು ಇವನೇ ಎಲ್ಲರಿಗೂ ಹೇಳಿದ್ದ. ಪರಕಾಯಪ್ರವೇಶ ಮಾಡಿದಂತೆ ತನ್ನ ಹೆಸರನ್ನು ಹೊಕ್ಕು ಕುಳಿತ ಧ್ವನಿಫೈಲುಗಳ ರಾಶಿ ಆಗ ಅವಳಿಗೆ ಕಂಡಿತ್ತು. ಶೀರ್ಷಿಕೆಯಿಲ್ಲ, ಬರಿಯ ಅಂಕಿಗಳು. "ಯಾರದೋ ಕಸ ನನ್ನ ತಲೆಗೆ ಕಟ್ಟಿದ್ದಾರೆ," ಎಂದು ನಗುತ್ತ, ಒಂದನ್ನೂ ತೆರೆದು ಕೇಳದೆ, ಅಷ್ಟನ್ನೂ ಅಳಿಸಿದ್ದಳು.

"ಬ್ಯಾಕಪ್?"

"ಮುಗಿದ ಪುಸ್ತಕಗಳದ್ದು ಮಾತ್ರ ಇಡ್ತೀವಮ್ಮ," ಎಂದ ಒಡೆಯ, ಅವಳ ಮುಖ ನೋಡದೆ.

ಫೋನು ಗುಣುಗುಟ್ಟಿತು.

"ಸಿಕ್ತೇನೇ? ಹೆಡ್‌ಫೋನ್ ಹಾಕ್ಕೊಂಡೇ ಕೂತಿದ್ದೀನಿ." ತಾಯಿಯ ದನಿಯಲ್ಲಿ ಬಹುಕಾಲದಿಂದ ಇಲ್ಲದಿದ್ದ ಲವಲವಿಕೆಯಿತ್ತು.

ತಂಗಿ ಆ ಒಂದೇ ಸಾಲನ್ನು ಮತ್ತೆ ಓದಿದಳು.

"ಹುಡುಕ್ತಿದ್ದಾರಮ್ಮ," ಎಂದಳು.